ರೋಮಿನ ತಗಡು, ನಮ್ಮೂರ ತಕ್ಕಡಿ

ನಮ್ಮೂರಿಗೆ ಅಳಿಯನಾಗಿ ಬರುವವರಿಗೆ ಮಾವನ ಮನೆಯವರು ಮೊದಲೇ ಹೇಳಿ ಕಳಿಸುವ ಮಾತು ಒಂದಿದೆ. ಕೋಟು ಸ್ವಂತದ್ದಾಗಿದ್ದರೆ ಹಾಕಿಕೊಂಡು ಬನ್ನಿ, ಇಲ್ಲದಿದ್ದರೆ ಬರೀ ಅಂಗಿಯಲ್ಲೇ ಬನ್ನಿ, ನಾವೇನೂ ಅಂದುಕೊಳ್ಳುವುದಿಲ್ಲ. ಈ ಮಾತು ಕೇಳದ ಒಬ್ಬ ಮದುಮಗ ಗೆಳೆಯನ ಸೂಟು ತೊಟ್ಟು ಬಂದಿದ್ದ. ಬಸ್‌ಸ್ಟ್ಯಾಂಡಿನಿಂದ ಕಲ್ಯಾಣ ಮಂಟಪಕ್ಕೆ ನೂರು ಹೆಜ್ಜೆ. ಅಷ್ಟನ್ನು ನಡೆಯಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮುಹೂರ್ತ ಮೀರುತ್ತಿದೆ ಎಂದು ಭಟ್ಟರು ಕೂಗಾಡಿದಾಗ ಹೆಣ್ಣಿನ ಸೋದರಮಾವ ಅವನ ಕಿವಿಯಲ್ಲಿ, "ಸೂಟು ನಂದಲ್ಲ ಅಂತ ಒಂದ್ಸಲ ಜೋರಾಗಿ ಅಂದ್ಬಿಡ್ರಿ" ಎಂದ. ಮದುಮಗ ಅಂದ. ಅಂದವನೇ ಕರುವಿನ ಹಾಗೆ ಚಂಗನೆ ಹಾರಿ ಹಸೆಮಣೆ ಏರಿದ.

ನಮ್ಮಲ್ಲಿ ಮೈಮೇಲಿನ ಸುಳ್ಳು ಭಾರವಾಗುತ್ತದೆ, ಅಷ್ಟೇ. ಯಾಕೆ ಎಂದು ಕೇಳಬೇಡಿ. ನೀರು ಯಾಕೆ ಇಳಿಜಾರಿಗೇ ಹರಿಯುತ್ತದೆ ಎಂದು ನೀವೇನು ದಿನಾ ಕೇಳುತ್ತೀರಾ? ನಾವು ಅದಕ್ಕೆ ಹೊಂದಿಕೊಂಡು ಬದುಕುತ್ತೇವೆ. ರೋಲ್ಡ್‌ಗೋಲ್ಡ್ ಬಳೆ ಹಾಕಿದ ಹೆಂಗಸರು ಯಾರೂ ಕೇಳದೆಯೇ "ರೋಲ್ಡ್‌ಗೋಲ್ಡರೀ" ಎಂದು ತಾವೇ ಹೇಳಿಬಿಡುತ್ತಾರೆ, ಕೈ ಹಗುರಾಗುತ್ತದೆ. ತಲೆಗೆ ಬಣ್ಣ ಹಚ್ಚುವ ನಿವೃತ್ತ ಮಾಸ್ತರರು ಕತ್ತು ನೋಯಬಾರದೆಂದು ತಮ್ಮ ವಯಸ್ಸನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಚುನಾವಣೆಗೆ ಖಾದಿ ತೊಟ್ಟು ಬಂದವರನ್ನು ನಮ್ಮವರು ಮೊದಲು ಕೆರೆಯ ಏರಿಯ ಮೆಟ್ಟಿಲು ಹತ್ತಿಸಿ ನೋಡುತ್ತಾರೆ. ಇಲ್ಲಿಯವರೆಗೆ ಒಬ್ಬರು ಮಾತ್ರ ಮೇಲೆ ಮುಟ್ಟಿದ್ದಾರೆ. ಪಾಪ, ಅವರು ಠೇವಣಿ ಕಳೆದುಕೊಂಡರು.

ಇಂಥ ಊರಿನಲ್ಲಿ ನಾಟಕದ ಡ್ರೆಸ್ ಅಂಗಡಿ ಇಟ್ಟುಕೊಂಡವಳು ನಾನು, ಕಾಳವ್ವ ಕಮ್ಮಾರ. ನಗಬೇಡಿ. ನಾಟಕಕ್ಕೆ ನಮ್ಮಲ್ಲಿ ಒಂದು ದಾರಿ ಇದೆ. ಅದಕ್ಕೆ ವೇಷದ ಮಾತು ಅನ್ನುತ್ತೇವೆ. ಬಣ್ಣ ಹಚ್ಚಿದವನು ರಂಗಕ್ಕೆ ಬಂದ ಕೂಡಲೇ ಕೈಮುಗಿದು, "ವೇಷ ನಮ್ಮದು, ಮಾತು ಕವಿಯದು, ನಂಬೂದು ಬಿಡೂದು ನಿಮ್ಮದು" ಅನ್ನಬೇಕು. ಇಷ್ಟು ಅಂದರೆ ಮುಗಿಯಿತು. ಆಮೇಲೆ ದುರ್ಯೋಧನನ ಕಿರೀಟ ಬರೀ ರಟ್ಟಿನಷ್ಟೇ ತೂಗುತ್ತದೆ. ನಮ್ಮೂರಲ್ಲಿ ಮಗು ಮೊದಲು ಅವ್ವ ಅನ್ನುತ್ತದೆ, ಆಮೇಲೆ ಅಪ್ಪ ಅನ್ನುತ್ತದೆ, ಮೂರನೆಯದು ವೇಷದ ಮಾತು.

ಅಂಗಡಿಯ ಅಟ್ಟದ ಮೇಲೆ ಇಪ್ಪತ್ನಾಲ್ಕು ರೋಮನ್ ಕವಚಗಳಿವೆ. ಅವು ನನ್ನ ಅಪ್ಪ ಮೌನೇಶಪ್ಪನ ಕೈಕೆಲಸ. ನಲವತ್ತು ವರ್ಷದ ಹಿಂದೆ ಒಂದು ನಾಟಕ ಕಂಪನಿ ನಮ್ಮೂರಿನಲ್ಲಿ ಟೆಂಟು ಹಾಕಿ ರೋಮ್ ದೇಶದ ಕತೆಯೊಂದನ್ನು ಆಡಿತು. ಕಂಪನಿಯ ಮಾಲಕರು ಅಪ್ಪನ ಕೈಗೆ ಒಂದು ಹಳೆಯ ಕ್ಯಾಲೆಂಡರಿನ ಚಿತ್ರ ಕೊಟ್ಟು, ಇಂಥವು ಇಪ್ಪತ್ನಾಲ್ಕು ಬೇಕು ಎಂದರು. ಅಪ್ಪ ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಡ್ರಮ್ಮುಗಳನ್ನು ಕತ್ತರಿಸಿ, ಕಾಯಿಸಿ, ಬಡಿದು, ಪಟ್ಟಿಪಟ್ಟಿಯಾಗಿ ಜೋಡಿಸಿ ಮೂರು ತಿಂಗಳಲ್ಲಿ ಅಷ್ಟನ್ನೂ ಮಾಡಿದ. ಬೆಳ್ಳಿ ಬಣ್ಣ ಬಳಿದ. ಕಂಪನಿ ಮುಂದಿನ ಊರಿಗೆ ಹೋಗುವಾಗ ಲಾರಿಯಲ್ಲಿ ಜಾಗ ಸಾಲದೆ ಅವನ್ನು ಇಲ್ಲೇ ಬಿಟ್ಟಿತು. ಅಂದಿನಿಂದ ರಾವಣನ ಸೇನೆಗೂ ಅವೇ, ಪಾಳೇಗಾರನ ಕಾವಲಿಗೂ ಅವೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅಪ್ಪನಿಗೆ ಇಪ್ಪತ್ನಾಲ್ಕು ಹೆಗ್ಗಣಗಳು. ಪ್ರತಿ ಸೋಮವಾರ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ.

ಇದರಲ್ಲಿ ಅವ್ವನ ಕೈಯೂ ಸ್ವಲ್ಪ ಇದೆ. ಮೊದಲ ಆಟ ಮುಗಿದ ಮರುದಿನ ಸಿಪಾಯಿಗಳೆಲ್ಲ ಭುಜ ಕೊಯ್ಯಿಸಿಕೊಂಡು ಅರಿಶಿನ ಹಚ್ಚಿಸಿಕೊಳ್ಳಲು ಮನೆಗೆ ಬಂದಿದ್ದರು. ಅವ್ವ ದ್ಯಾಮವ್ವ ಅವರನ್ನು ನೋಡಿ, ಮನೆಯಲ್ಲಿದ್ದ ಹಳೆ ಸೀರೆ, ಧೋತರದ ಚೂರುಗಳನ್ನು ಪದರ ಪದರ ಇಟ್ಟು, ಕೌದಿ ಹೊಲಿಯುವ ಹಾಗೆ ಹೊಲಿದು, ತೋಳಿಲ್ಲದ ಇಪ್ಪತ್ನಾಲ್ಕು ಅಂಗಿ ಮಾಡಿಕೊಟ್ಟಳು. ಕವಚದ ಒಳಗೆ ತೊಟ್ಟುಕೊಳ್ಳಲು. ಅಪ್ಪನಿಗೆ ಅದು ಎಳ್ಳಷ್ಟೂ ಹಿಡಿಸಲಿಲ್ಲ. "ರೋಮಿನ ಸಿಪಾಯಿ ಕೌದಿ ಹೊತ್ಕೊಂಡು ಯುದ್ಧಕ್ಕ ಹೋಗ್ತಾನೇನ? ನನ್ನ ಕವಚದ ಮರ್ಯಾದಿ ಕಳದಿ" ಎಂದು ಅವಳು ಬದುಕಿರುವ ತನಕ ಗೊಣಗಿದ. ಅವ್ವ ನಗುತ್ತಿದ್ದಳು, ಹರಿದದ್ದನ್ನು ಮತ್ತೆ ಹೊಲಿಯುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು.

ಅಪ್ಪನಿಗೆ ಒಂದೇ ಒಂದು ಆಸೆ. ಎಪ್ಪತ್ತೆಂಟು ದಾಟಿದ ಮೇಲೆ ಅದನ್ನು ವಾರಕ್ಕೊಮ್ಮೆ ಹೇಳತೊಡಗಿದ. "ವೇಷದ ಮಾತು ಹೇಳದನ ನನ್ನ ಕವಚ ಹಾಕ್ಕೊಂಡು ಯಾವನಾರ ನಿಂದರಬೇಕವಾ. ಖರೇ ಸಿಪಾಯಿ ನಿಂತಂಗ. ಸಾಯೂದರಾಗ ಒಂದ್ಸಲ ನೋಡಿದ್ರ ಸಾಕು." ನಾನು ಆಗೆಲ್ಲ ಚಹಾ ಬೇಕೇನಪ್ಪ ಎಂದು ಮಾತು ಹೊರಳಿಸುತ್ತಿದ್ದೆ. ಕ್ಯಾಲೆಂಡರ್ ನೋಡಿ ಮಾಡಿದ ರೋಮ್ ಎಷ್ಟು ಭಾರ ಇರಬಹುದು ಎಂಬ ಅಂದಾಜು ಊರಿನಲ್ಲಿ ಎಲ್ಲರಿಗೂ ಇತ್ತು.

ಹೀಗಿರುವಾಗ ಸಾಕ್ಷ್ಯಚಿತ್ರದವರು ಬಂದರು. ಯಾವುದೋ ಚಾನೆಲ್ಲಿಗೆ ರೋಮಿನ ಸೈನ್ಯದ ಮೇಲೆ ಚಿತ್ರ ಮಾಡುತ್ತಿದ್ದರು. ನಮ್ಮ ಗುಡ್ಡದ ಮೇಲಿನ ಮುರುಕು ಗೋಡೆ ರೋಮ್ ಸಾಮ್ರಾಜ್ಯದ ಗಡಿಯ ಹಾಗೆ ಕಾಣುತ್ತದಂತೆ. ಅದು ನಮ್ಮ ದನದ ದೊಡ್ಡಿ. ನಿರ್ದೇಶಕ ಕೌಶಿಕ್ ಮೂವತ್ತೈದರ ಹುಡುಗ, ಕಪ್ಪು ಕನ್ನಡಕ, ಎರಡು ಫೋನು. ಜೊತೆಗೆ ಸಲಹೆಗಾರರಾಗಿ ಡಾಕ್ಟರ್ ಸಿಸಿಲಿಯಾ ಲೋಬೊ ಬಂದಿದ್ದರು. ಕಡಲ ಕಡೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಚರಿತ್ರೆ ಕಲಿಸಿದವರು, ಲ್ಯಾಟಿನ್ ಬಲ್ಲವರು, ಗಿಡ್ಡ ಆಳು, ಗಟ್ಟಿ ದನಿ. ಸಿನಿಮಾದವರು ರೋಮಿನ ಸಿಪಾಯಿಗೆ ಹಾಕಿದ ತಪ್ಪು ಬಟ್ಟೆಬರೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದು ಎರಡನೆಯ ನೋಟ್‌ಬುಕ್ಕು, ಮೊದಲನೆಯದು ತುಂಬಿತ್ತು.

ಅಟ್ಟದಿಂದ ಕವಚ ಇಳಿಸಿದಾಗ ಕೌಶಿಕ್ ಕುಣಿದಾಡಿಬಿಟ್ಟ. "ಮೇಡಂ, ಸೂಪರ್! ಸಿನಿಮಾದಲ್ಲಿ ಇರುತ್ತಲ್ಲ, ಥೇಟ್ ಹಾಗೇ ಇದೆ!"

"ಅದೇ ತೊಂದರೆ" ಎಂದರು ಲೋಬೊ.

ಅಪ್ಪ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದ. ಲೋಬೊ ಅವನನ್ನು ನೋಡಿರಲಿಲ್ಲ. "ಈ ಮಣಿಕಟ್ಟಿಗೆ ಕಟ್ಟುವ ತೊಗಲು ಪಟ್ಟಿ ಉಂಟಲ್ಲ, ಇದನ್ನು ರೋಮಿನ ಸಿಪಾಯಿ ಕಂಡವನೇ ಅಲ್ಲ. ಎಲ್ಲ ಪಿಕ್ಚರಿನವರ ಕೆಲಸ. ಕತ್ತಿ ಎಡಕ್ಕೆ ಕಟ್ಟಿದ್ದೀರಿ, ಸಾದಾ ಸಿಪಾಯಿ ಬಲಕ್ಕೆ ಕಟ್ಟುತ್ತಿದ್ದ. ಟೋಪಿಯ ಮೇಲೆ ಈ ಕೆಂಪು ಜುಟ್ಟು, ಇದೆಂತ ಮಾರಾಯ್ರೆ, ಪೊರಕೆಯಾ?"

"ಹೌದ್ರೀ, ಪೊರಕಿನ" ಎಂದ ಅಪ್ಪ. ದನಿ ಸಣ್ಣಗಾಗಿತ್ತು. ಆಮೇಲೆ ಅವನೊಳಗಿನ ಕಮ್ಮಾರ ಎದ್ದ. "ಬಲಗೈಯಾಂವ ಬಲಕ್ಕ ಕತ್ತಿ ಕಟ್ಟಿದ್ರ ಹೆಂಗ ಹಿರೀತಾನ್ರೀ?"

ಲೋಬೊ ತಿರುಗಿ ನೋಡಿದರು. ನನ್ನ ಗಜದ ಕೋಲನ್ನು ಸೊಂಟದ ಬಲಕ್ಕೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಚಹಾದ ತಟ್ಟೆಯನ್ನು ಗುರಾಣಿಯಾಗಿ ಹಿಡಿದು, ಬಲಗೈಯಿಂದ ಕೋಲನ್ನು ಸರಕ್ಕನೆ ಮೇಲಕ್ಕೆಳೆದು ತೋರಿಸಿದರು. ಅರವತ್ತರ ಹೆಂಗಸು ಹಾಗೆ ಕತ್ತಿ ಹಿರಿದದ್ದನ್ನು ನಮ್ಮ ಅಂಗಡಿ ಕಂಡಿರಲಿಲ್ಲ. "ಕತ್ತಿ ಗಿಡ್ಡ. ಗುರಾಣಿಗೆ ತಾಗುವುದಿಲ್ಲ ನೋಡಿ." ಆಮೇಲೆ ಕವಚವೊಂದನ್ನು ಒಳಹೊರಗು ಮಾಡಿ, ಪಟ್ಟಿಗಳನ್ನು ಹಿಡಿದಿಟ್ಟಿದ್ದ ತೊಗಲನ್ನು ಬೆರಳಿನಿಂದ ಎಳೆದರು. "ಒಳಗಡೆ ಹೀಗೆ ತೊಗಲು ಹೊಡೆಯಬೇಕು ಅಂತ ನಿಮಗೆ ಯಾರು ಹೇಳಿದ್ದು? ಇದು ಸರಿ ಉಂಟು!"

"ಯಾರೂ ಹೇಳಿಲ್ರೀ. ಹಂಗ ಮಾಡದಿದ್ರ ಕೈ ಎತ್ತಾಕ ಬರಂಗಿಲ್ಲ."

ಅಪ್ಪನ ಮುಖಕ್ಕೆ ಅಷ್ಟರಿಂದಲೇ ಜೀವ ಬಂತು. ಮಣಿಕಟ್ಟಿನ ಪಟ್ಟಿ ತೆಗೆಸಬೇಕೆಂದು ಲೋಬೊ ಹೇಳಿದರೆ ಕೌಶಿಕ್ ಒಪ್ಪಲಿಲ್ಲ. "ಇರ್ಲಿ ಮೇಡಂ, ಇಲ್ಲದಿದ್ರೆ ಕೈ ಬೋಳು ಬೋಳಾಗಿ ಕಾಣುತ್ತೆ. ಎಲ್ಲ ಸಿನಿಮಾದಲ್ಲೂ ನೋಡಿ ನೋಡಿ ಜನಕ್ಕೆ ಅಭ್ಯಾಸ ಆಗಿದೆ. ಪಟ್ಟಿ ಇಲ್ಲ ಅಂದ್ರೆ ರೋಮ್ ಅಂತ ನಂಬಲ್ಲ." ಆಗ ಅವನ ಕಾಲಿಗೆ ಅವ್ವನ ಕೌದಿ ಅಂಗಿಗಳ ಗಂಟು ಸಿಕ್ಕಿತು. "ಇದೇನು, ಬೆಡ್‌ಶೀಟಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಅದು ಬ್ಯಾಡ್ರೀ, ಅದು ನಾಟಕದಾವ್ರಿಗೆ" ಎಂದು ಗಂಟನ್ನು ಕಾಲಿನಿಂದ ಮೂಲೆಗೆ ಸರಿಸಿದ. ಲೋಬೊ ಬಗ್ಗಿ ಒಂದನ್ನು ಮುಟ್ಟಿ ನೋಡಿದರು. "ಕವಚದ ಒಳಗೆ ಇಂಥದೇನೋ ತೊಟ್ಟಿರಬಹುದು ಅಂತ ಬರೆದವರುಂಟು. ಆದರೆ ಒಂದು ತುಂಡೂ ಸಿಕ್ಕಿಲ್ಲ. ಸಿಗದ್ದನ್ನು ತೋರಿಸುವುದು ಬೇಡ." ಗಂಟನ್ನು ಕಾಲಿನಿಂದ ಸರಿಸಿದ್ದಕ್ಕೆ ಅಪ್ಪನನ್ನು ಬೈಯಬೇಕೆನಿಸಿತು. ಬೈಯಲಿಲ್ಲ. ಅವನು ಅಷ್ಟು ಸಂತೋಷವಾಗಿದ್ದ.

ಊರಿನಲ್ಲಿ ಸುಳ್ಳು ಭಾರವಾಗುವ ವಿಷಯ ಅವರಿಗೆ ನಾವು ಮೊದಲೇ ಹೇಳಿದ್ದೆವು. ಕೌಶಿಕ್ ನಕ್ಕು, "ಚೆನ್ನಾಗಿದೆ, ಇದರ ಮೇಲೂ ಒಂದು ಚಿತ್ರ ಮಾಡಬಹುದು" ಎಂದಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮವರು ಭಾರ ಹೊರಲಾರದೆ ಕತೆ ಕಟ್ಟಿದ್ದಾರೆ ಎಂದುಕೊಂಡಿರಬೇಕು.

ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ಇಡೀ ಊರು ಸೇರಿತ್ತು. ಅಪ್ಪ ಮನೆಯಿಂದ ಕುರ್ಚಿ ಹೊರಿಸಿಕೊಂಡು ಹೋಗಿ ಮುಂದೆಯೇ ಕುಳಿತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಸಿಪಾಯಿಗಳ ಮುಂದಾಳು ಹಿಟ್ಟಿನ ಗಿರಣಿಯ ಭರಮಪ್ಪ. ಹಳೆಯ ಪೈಲ್ವಾನ, ಜೋಳದ ಚೀಲವನ್ನು ಕೂಸಿನಂತೆ ಎತ್ತುವವನು. ಕೌಶಿಕ್ ಕೈ ಎತ್ತಿದ, ಇಪ್ಪತ್ನಾಲ್ಕು ಜನ ನಡೆದರು. ಬಲು ಚೆನ್ನಾಗಿ ನಡೆದರು. ಆದರೆ ಧ್ವನಿ ಹಿಡಿಯುವವನು ತಲೆ ಅಲ್ಲಾಡಿಸಿದ. "ಸರ್, ಎಲ್ಲರೂ ಏನೋ ಗೊಣಗ್ತಿದ್ದಾರೆ."

ಗೊಣಗುತ್ತಿದ್ದದ್ದು ವೇಷದ ಮಾತು. ಮೈಮೇಲೆ ಪರರ ಉಡುಪು ಬಿದ್ದರೆ ನಮ್ಮವರ ಬಾಯಿಂದ ಅದು ತಾನೇ ಬರುತ್ತದೆ, ಆಕಳಿಕೆ ಬಂದಾಗ ಕೆಲವರು ಶಿವಾ ಅನ್ನುವಂತೆ. ಎರಡನೆಯ ಸಲವೂ ಬಂತು, ಮೂರನೆಯ ಸಲವೂ ಬಂತು. ಕೌಶಿಕ್ ರೇಗಿದ. "ರೋಮಿನ ಸೈನಿಕ 'ನಂಬೂದು ಬಿಡೂದು ನಿಮ್ಮದು' ಅಂತಾನೇನ್ರಿ? ಬಾಯಿ ಮುಚ್ಕೊಂಡು ನಡೀರಿ!" ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ಆಮೇಲೆ ಅವನು ನಡಿಗೆಗೆ ತಾಳ ಸಿಗಲೆಂದು ಚಿತ್ರದ ನಿರೂಪಣೆಯನ್ನು ಧ್ವನಿವರ್ಧಕದಲ್ಲಿ ತಾನೇ ಓದಿದ. "ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೈನಿಕ ಇದ್ದದ್ದು ಹೀಗೆಯೇ!"

'ಹೀಗೆಯೇ' ಅನ್ನುವುದೇ ತಡ, ಇಪ್ಪತ್ನಾಲ್ಕು ಜನ ಧಪ್ಪೆಂದು ಕುಳಿತುಬಿಟ್ಟರು. ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ. ದೊಡ್ಡಿಯಲ್ಲಿದ್ದ ಎಮ್ಮೆಯೊಂದು ಹೆದರಿ ಗೋಡೆ ಹಾರಿತು. ಭರಮಪ್ಪ ಏಳಲು ನೋಡಿ, ಕುತ್ತಿಗೆಯ ನರ ಉಬ್ಬಿಸಿ, ಅರ್ಧ ಎದ್ದು, ಮತ್ತೆ ಕುಳಿತ.

ಲೋಬೊ ಓಡಿಹೋಗಿ ಒಬ್ಬನ ಹೆಗಲಿನ ಪಟ್ಟಿ ಎತ್ತಿ ನೋಡಿದರು. ಎತ್ತಲಾಗಲಿಲ್ಲ. ಅವರಿಗೆ ಏನು ಹೊಳೆಯಿತೋ, ಕೌಶಿಕನ ಕೈಯಿಂದ ಧ್ವನಿವರ್ಧಕ ಕಿತ್ತುಕೊಂಡು, "ರೋಮಿನ ಸೈನಿಕ ಹೀಗೆ ಇದ್ದಿರಬಹುದು" ಎಂದರು. ಎಲ್ಲರೂ ಧೂಳು ಕೊಡವಿಕೊಂಡು ಎದ್ದರು. "ಹೀಗೆಯೇ" ಎಂದರು, ಕುಳಿತರು. "ಬಹುದು" ಎಂದರು, ಎದ್ದರು. ನಾಲ್ಕನೆಯ ಸಲಕ್ಕೆ ಭರಮಪ್ಪ ಕೈಮುಗಿದು, "ಅಕ್ಕಾರ, ಬೈಠಕ್ ಹೊಡದು ಬಾಳ ದಿನ ಆತ್ರಿ, ಸಾಕ್ ಮಾಡ್ರಿ" ಎಂದ.

"'ಬಹುದು' ಅಂತ ಹಾಕಿ, ಮುಗಿಯಿತಲ್ಲ" ಎಂದರು ಲೋಬೊ. ಕೌಶಿಕನ ಮುಖ ಬಿಳಿಚಿತ್ತು, ಆದರೂ ತಲೆ ಅಲ್ಲಾಡಿಸಿದ. "ಚಾನೆಲ್‌ನವರು ಒಪ್ಪಲ್ಲ ಮೇಡಂ. ಕಾಗದದಲ್ಲೇ ಬರೆದಿದ್ದಾರೆ, ಅನುಮಾನದ ಮಾತು ಒಂದೂ ಬೇಡ ಅಂತ. ನಾಳೆ ಮಧ್ಯಾಹ್ನದ ತನಕ ನೋಡ್ತೀನಿ. ಆಗಲಿಲ್ಲ ಅಂದ್ರೆ ಬೇರೆ ಊರು, ಪ್ಲಾಸ್ಟಿಕ್ ಡ್ರೆಸ್."

ನಾನು ಅಪ್ಪನ ಕಡೆ ನೋಡಿದೆ. ಕುರ್ಚಿ ಖಾಲಿ ಇತ್ತು. ಅವನು ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡು ಒಬ್ಬನೇ ಗುಡ್ಡ ಇಳಿಯುತ್ತಿದ್ದ.

ಮನೆಗೆ ಹೋದರೆ ಆರಿದ ಕುಲುಮೆಯ ಮುಂದೆ ಕುಳಿತಿದ್ದ. ರೊಟ್ಟಿ ಬೇಡ ಎಂದ, ಚಹಾ ಬೇಡ ಎಂದ. "ಇಡೀ ಊರ ಮುಂದ ಕುಂತ್ಬಿಟ್ಟುವಲ್ಲವಾ. ಒಂದರ, ಒಂದೇ ಒಂದರ ನಿಂತಿದ್ರ..." ಎಂದು ನಿಲ್ಲಿಸಿದ. ಆಮೇಲೆ, "ನಾಳೆ ಗುಜರಿಯಾಂವ ಬರ್ತಾನ. ಇಪ್ಪತ್ನಾಕೂ ಹಾಕಿಬಿಡು. ಸುಳ್ಳ ಇಟ್ಕೊಂಡು ಒರಸಿದೆ ನಲವತ್ ವರ್ಷ" ಎಂದ. ಗುಜರಿಗೆ ಹಾಕು ಎಂದು ಅಪ್ಪ ಒಂದು ಮೊಳೆಯನ್ನೂ ಈವರೆಗೆ ಹೇಳಿದವನಲ್ಲ. ಕವಚಗಳು ಹೋದರೆ ಅವನೂ ಹೆಚ್ಚು ದಿನ ಇರುವುದಿಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಖಚಿತವಾಗಿತ್ತು.

ಮೂರು ಗಂಟೆಗೆ ಲೋಬೊ ಬಾಗಿಲು ಬಡಿದರು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ಮೌನೇಶಪ್ಪನವರೇ, ನಿಮ್ಮೂರಲ್ಲಿ ದೊಡ್ಡ ತಕ್ಕಡಿ ಎಲ್ಲಿ ಉಂಟು?"

"ಯಾಕ್ರೀ?"

"ಯಾಕೆ ಅಂದರೆ! ಮೂವತ್ತು ವರ್ಷ ನಾನು ಇದರ ಮೇಲೆ ಜಗಳ ಆಡಿದ್ದೇನೆ. ಒಬ್ಬ ಹಾಗೆ ಬರೆಯುತ್ತಾನೆ, ಇನ್ನೊಬ್ಬ ಹೀಗೆ ಬರೆಯುತ್ತಾನೆ, ಕೇಳಲಿಕ್ಕೆ ರೋಮಿನವ ಬದುಕಿಲ್ಲ. ಇಲ್ಲಿ ನಿಮ್ಮ ತಗಡು ಬಾಯಿ ಬಿಡುತ್ತದೆ. ಯಾವುದು ಸುಳ್ಳು ಅಂತ ಒಂದೊಂದೇ ತೆಗೆದು ನೋಡುವ. ಏಳಿ ಮಾರಾಯ್ರೆ!"

ಅಪ್ಪ ಏಳುತ್ತಿರಲಿಲ್ಲ. ಲೋಬೊ ಅವನ ಸುತ್ತಿಗೆಯನ್ನು ತಾವೇ ಎತ್ತಿಕೊಂಡು ನಡೆದದ್ದಕ್ಕೆ ಎದ್ದ. ಸುತ್ತಿಗೆಯನ್ನು ಪರರ ಕೈಗೆ ಕೊಟ್ಟವನಲ್ಲ.

ಭರಮಪ್ಪನ ಗಿರಣಿ ನಮ್ಮ ಅಂಗಡಿಯ ಪಕ್ಕದ್ದು. ಅಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿ ಇದೆ, ಮೇಲೆ ಆಳು ನಿಲ್ಲುವಂಥದ್ದು. ಭರಮಪ್ಪ ಪೂರ್ತಿ ವೇಷದಲ್ಲಿ ನಿಂತ. ಅವನ ತೂಕ ಕಳೆದರೆ ಕವಚ, ಕತ್ತಿ, ಟೋಪಿ ಸೇರಿ ಹನ್ನೊಂದು ಕಿಲೊ. ಲೋಬೊ ಎದುರು ನಿಂತು, "ರೋಮಿನ ಸಿಪಾಯಿ ಇದ್ದದ್ದು ಹೀಗೆಯೇ" ಎಂದರು. ಮುಳ್ಳು ಗಿರ್ರನೆ ತಿರುಗಿ ಮೂವತ್ತಾರಕ್ಕೆ ನಿಂತಿತು. ಭರಮಪ್ಪ ಗೋಡೆ ಹಿಡಿದುಕೊಂಡ.

ಮಣಿಕಟ್ಟಿನ ಪಟ್ಟಿಯನ್ನು ಅಪ್ಪನೇ ಬಿಚ್ಚಬೇಕೆಂದು ಲೋಬೊ ಹಟ ಮಾಡಿದರು. ಬಿಚ್ಚಿದ. ಮೂವತ್ತು. ಕತ್ತಿಯನ್ನು ಬಲಕ್ಕೆ ಕಟ್ಟಿದ. ಇಪ್ಪತ್ತಾರು. ಪೊರಕೆಯ ಜುಟ್ಟು ಕಿತ್ತಾಗ ಇಪ್ಪತ್ತೆರಡು. ಭರಮಪ್ಪನ ಹೆಂಡತಿ ಆ ಜುಟ್ಟಿನಿಂದ ಅಲ್ಲೇ ಚೆಲ್ಲಿದ್ದ ಹಿಟ್ಟು ಗುಡಿಸಿದಳು. ಬೆಳ್ಳಿ ಬಣ್ಣವನ್ನು ಎಮೆರಿ ಕಾಗದದಿಂದ ಉಜ್ಜಿ ತೆಗೆಯುವಾಗ ಅಪ್ಪ ತುಟಿ ಕಚ್ಚಿಕೊಂಡಿದ್ದ, ಆದರೆ ಕೆಳಗಿನ ಕಬ್ಬಿಣ ಕಾಣುತ್ತಿದ್ದಂತೆ ಕೈ ಚುರುಕಾಯಿತು. ಹದಿನೆಂಟು. ಮೊಣಕಾಲಿನ ತನಕ ಸುತ್ತಿದ್ದ ಚಪ್ಪಲಿಯ ದಾರವನ್ನು ಪಾದಕ್ಕೇ ಇಳಿಸಿದರು. ಹದಿನೈದು. ಗಿರಣಿಗೆ ಜೋಳ ತಂದವರೆಲ್ಲ ಚೀಲ ಇಳಿಸಿ ಅಲ್ಲೇ ಕುಳಿತರು, ಪ್ರತಿ ಸಲ ಮುಳ್ಳು ಇಳಿದಾಗ ಹೋ ಎಂದರು. ನಡುವೆ ಲೋಬೊ ಒಳಂಗಿಯ ಬಣ್ಣ ಕೆಂಪೋ ಬಿಳಿಯೋ ಎಂಬ ಹಳೆಯ ಜಗಳವನ್ನೂ ತೂಗಿ ನೋಡಿದರು. ನೋಡಿ ನೋಟ್‌ಬುಕ್ಕನ್ನು ಪಟ್ಟನೆ ಮುಚ್ಚಿದರು. ಉತ್ತರವನ್ನು ಯಾರಿಗೂ ಹೇಳುವುದಿಲ್ಲವೆಂದು ನಮ್ಮಿಂದ ಆಣೆ ಹಾಕಿಸಿಕೊಂಡರು, ಹಾಗಾಗಿ ಅದನ್ನು ಇಲ್ಲಿ ಬರೆಯುವಂತಿಲ್ಲ.

ಆದರೆ ಹದಿನೈದರ ಕೆಳಗೆ ಮುಳ್ಳು ಇಳಿಯಲೊಲ್ಲದು. ನೋಟ್‌ಬುಕ್ಕಿನಲ್ಲಿದ್ದ ತಪ್ಪೆಲ್ಲ ಮುಗಿದವು. ಕೊಂಡಿ ನೋಡಿದರು, ಗುರಾಣಿ ನೋಡಿದರು, ಕತ್ತಿಯ ಉದ್ದ ಅಳೆದರು. ಹದಿನೈದು ಅಂದರೆ ಹದಿನೈದೇ. ನಾಲ್ಕು ಕಿಲೊ ಸುಳ್ಳು ಎಲ್ಲೋ ಅಡಗಿ ಕುಳಿತಿತ್ತು. ಐದು ಗಂಟೆಯಾಯಿತು. ಲೋಬೊ ಚೀಲದ ಮೇಲೆ ಕುಸಿದು ಕುಳಿತರು. "ನನಗೆ ತಿಳಿದದ್ದು ಇಷ್ಟೇ" ಎಂದರು. ಅಪ್ಪ ಸುತ್ತಿಗೆಯನ್ನು ಹೆಗಲಿಗೆ ಹಾಕಿಕೊಂಡು, "ಹೋಗ್ಲಿ ಬಿಡ್ರಿ ಬಾಯಾರ. ನೀವರ ಇಷ್ಟ್ ಮಾಡಿದ್ರಿ" ಎಂದ. ಗುಜರಿಯವನ ಹೆಸರೆತ್ತಲಿಲ್ಲ, ಆದರೆ ನನಗೆ ಕೇಳಿಸಿತು.

ಆಗ ಭರಮಪ್ಪ ಹೆಗಲು ಉಜ್ಜಿಕೊಂಡು, "ಇನ್ನೊಂದ್ಸಲ ನಿಲ್ಲೂದಾದ್ರ ಒಳಗ ಏನರ ಕೊಡವ್ವಾ ಕಾಳವ್ವ. ಭುಜ ಕೊಯ್ದ ಹೋಗೇತಿ. ದ್ಯಾಮವ್ವತ್ತಿ ಕೌದಿ ಇದ್ದಾಗ ಹಿಂಗ ಆಕ್ಕಿರಲಿಲ್ಲ" ಎಂದ.

ಅವನು ನೋವಿಗಾಗಿ ಕೇಳಿದ್ದು, ಮತ್ತೇನಕ್ಕೂ ಅಲ್ಲ. ನಾನು ಅಂಗಡಿಗೆ ಓಡಿದೆ. ಮೂಲೆಯ ಗಂಟಿನಿಂದ ಒಂದನ್ನು ತಂದೆ. ಅಪ್ಪ ಅದನ್ನು ನೋಡಿ, "ಅದು ಬ್ಯಾಡ" ಎಂದ. ಲೋಬೊ ತಲೆ ಎತ್ತಿ, ಕೌದಿಯನ್ನು ನೋಡಿ, ನಿಧಾನವಾಗಿ ಎದ್ದು ನಿಂತರು. "ತೊಡಿಸಿ" ಎಂದರು.

ತೊಡಿಸಿದೆ. ಅದರ ಮೇಲೆ ಕವಚ ಬಿಗಿದೆ. ಕವಚ ಆ ದಿನ ಮೊದಲ ಸಲ ಅವನ ಮೈಗೆ ಕುಳಿತಿತು, ಭುಜದ ಪಟ್ಟಿಗಳು ಸರಿಯಾಗಿ ಎದ್ದುನಿಂತವು. ಭರಮಪ್ಪ ತಕ್ಕಡಿ ಏರಿದ. ಲೋಬೊ ಆ ವಾಕ್ಯವನ್ನು ಹೇಳಿದರು. ಮುಳ್ಳು ಅಲುಗಾಡಿ, ಇಳಿದು, ನಿಂತಿತು. ಹನ್ನೆರಡು.

"ಹನ್ನೊಂದಾಗಬೇಕಲ್ಲ" ಎಂದರು ಯಾರೋ. ಇನ್ನೊಂದು ಕೌದಿಯನ್ನು ತಂದು ಬೇರೆಯಾಗಿ ತೂಗಿದೆವು. ಸರಿಯಾಗಿ ಒಂದು ಕಿಲೊ. ಹನ್ನೊಂದು ಅಪ್ಪನದು, ಒಂದು ಅವ್ವನದು.

ಗಿರಣಿಯಲ್ಲಿ ಯಾರೂ ಹೋ ಎನ್ನಲಿಲ್ಲ. ಅಪ್ಪ ಭರಮಪ್ಪನ ಹತ್ತಿರ ಹೋಗಿ, ಕವಚದ ಕುತ್ತಿಗೆಯಲ್ಲಿ ಇಣುಕುತ್ತಿದ್ದ ಕೆಂಪು ಅಂಚನ್ನು ಎರಡು ಬೆರಳಿನಿಂದ ಹಿಡಿದ. "ಇದು ಲಗ್ನದಾಗಿನ ಇಳಕಲ್ ಸೀರಿ" ಎಂದ. "ತಗಡಿನ ಒಳಗ ಒಬ್ಬ ಮನಿಷ್ಯಾ ಇರ್ತಾನಂತ ಆಕಿಗೆ ಗೊತ್ತಿತ್ತು ನೋಡವಾ. ನಾ ಬರೇ ತಗಡ ಬಡದೆ." ನಾನು ಅತ್ತೆ. ಭರಮಪ್ಪನೂ ಅತ್ತ, ತಕ್ಕಡಿಯ ಮೇಲೆಯೇ ನಿಂತು. ಲೋಬೊ ಮೂಗು ಒರೆಸಿಕೊಂಡು, "ಎರಡು ಸಾವಿರ ವರ್ಷದಲ್ಲಿ ಒಂದು ತುಂಡೂ ಸಿಕ್ಕಿಲ್ಲ ಅಂದೆನಲ್ಲ. ಸಿಕ್ಕಿತು. ಆದರೆ ಹಿಟ್ಟಿನ ಗಿರಣಿಯ ತಕ್ಕಡಿ ಹೇಳಿತು ಅಂತ ಅಡಿಟಿಪ್ಪಣಿ ಬರೆದರೆ ನನ್ನನ್ನು ಹುಚ್ಚಿ ಅಂತಾರೆ ಮಾರಾಯ್ರೆ!" ಎಂದರು. ಅಳುತ್ತಿದ್ದವರೆಲ್ಲ ನಗತೊಡಗಿದೆವು.

ಸೂರ್ಯ ಮುಳುಗುವುದರೊಳಗೆ ಇಡೀ ಓಣಿ ಕೂಡಿ ಉಳಿದ ಇಪ್ಪತ್ಮೂರರ ಜುಟ್ಟು, ಮಣಿಕಟ್ಟಿನ ಪಟ್ಟಿ ತೆಗೆದು ಬೆಳ್ಳಿ ಬಣ್ಣ ಉಜ್ಜಿತು. ಒಂದೊಂದರ ಒಳಗೂ ಅವ್ವನ ಒಂದೊಂದು ಕೌದಿ ಇಟ್ಟೆ. ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ಕೌಶಿಕ್ ಧ್ವನಿವರ್ಧಕ ಎತ್ತಿಕೊಂಡ. 'ಬಹುದು' ಇಲ್ಲ, ವೇಷದ ಮಾತು ಇಲ್ಲ. "ರೋಮಿನ ಸೈನಿಕ ಇದ್ದದ್ದು ಹೀಗೆಯೇ!" ಇಪ್ಪತ್ಮೂರು ಜನ ನಿಂತರು, ನಡೆದರು, ಗುಡ್ಡ ಹತ್ತಿದರು. ಒಬ್ಬ ಮಾತ್ರ ಅರ್ಧ ದಾರಿಯಲ್ಲಿ ಕುಳಿತುಬಿಟ್ಟ. ಹೋಗಿ ನೋಡಿದರೆ ಅವನ ಕೈಗೆ ತೊಗಲಿನ ಪಟ್ಟಿ! "ಮುಂದುಗಡೆ ಒಬ್ಬನಿಗಾದರೂ ಇರ್ಲಿ ಅಂತ ನಾನೇ ಕಟ್ಟಿದ್ದೆ" ಎಂದು ಕೌಶಿಕ್ ತಲೆ ಕೆರೆದುಕೊಂಡ. ಬಿಚ್ಚಿದರು, ಅವನೂ ಎದ್ದ. ಅಪ್ಪ ಕುರ್ಚಿಯಲ್ಲಿ ಕೂರಲೇ ಇಲ್ಲ. ಸಿಪಾಯಿಗಳು ಗೋಡೆಯ ತನಕ ಹೋಗಿ ತಿರುಗಿ ಬರುವ ತನಕ ಎದ್ದು ನಿಂತೇ ನೋಡಿದ.

ಚಿತ್ರ ಟೀವಿಯಲ್ಲಿ ಬಂತು. ಕೌದಿ ಎಲ್ಲೂ ಕಾಣಲಿಲ್ಲ, ಒಳಗಿನದು ಕಾಣುವುದಾದರೂ ಹೇಗೆ? ಭರಮಪ್ಪ ಬಗ್ಗಿ ನೀರು ಕುಡಿಯುವಾಗ ಒಮ್ಮೆ ಕುತ್ತಿಗೆಯ ಹತ್ತಿರ ಕೆಂಪು ಅಂಚು ಮಿನುಗಿತು, ಅಷ್ಟೇ. ಅಪ್ಪ ಅದನ್ನು ತೋರಿಸಲು ಎದ್ದು ಹೋಗಿ ಟೀವಿಯ ಗಾಜಿನ ಮೇಲೆ ಬೆರಳಿಟ್ಟ, ಆದರೆ ಅಷ್ಟರಲ್ಲಿ ಚಿತ್ರ ಮುಂದೆ ಹೋಗಿತ್ತು.

ಯುಗಾದಿಯ ನಾಟಕಕ್ಕೆ ಕವಚಗಳು ಮತ್ತೆ ಹೊರಬಂದವು, ಈ ಸಲ ಯಾವನೋ ರಾಕ್ಷಸನ ಪಡೆಗೆ. ಭರಮಪ್ಪ ರಂಗದ ಮುಂದೆ ಬಂದು ಕೈಮುಗಿದು, ರೂಢಿಯಂತೆ "ವೇಷ ನಮ್ಮದು" ಎಂದ. ಮುಂದಿನ ಸಾಲಿನಲ್ಲಿ ಅಪ್ಪ ಕೋಲೂರಿ ಎದ್ದು ನಿಂತ.

"ಕೌದಿ ಬಿಟ್ಟು!" ಎಂದು ಕೂಗಿದ.

ಹಾರ್ಮೋನಿಯಂ ಪೆಟಿಗೆ ಬಾರಿಸುವವನು ಕೈ ನಿಲ್ಲಿಸಿದ. ಭರಮಪ್ಪ ಒಂದು ಗಳಿಗೆ ಅಪ್ಪನನ್ನು ನೋಡಿದ, ಆಮೇಲೆ ಮತ್ತೆ ಕೈಮುಗಿದು ಮೊದಲಿನಿಂದ ಹೇಳಿದ. "ವೇಷ ನಮ್ಮದು, ಕೌದಿ ಬಿಟ್ಟು. ಮಾತು ಕವಿಯದು. ನಂಬೂದು ಬಿಡೂದು ನಿಮ್ಮದು."

ಅಪ್ಪ ಕುಳಿತ. ಅಂದಿನಿಂದ ನಮ್ಮೂರಿನಲ್ಲಿ ಹಾಗೆಯೇ ಹೇಳುತ್ತಾರೆ, ಮೈಮೇಲೆ ಕೌದಿ ಇರಲಿ ಬಿಡಲಿ.